ಅಶ್ವತ್ಥನಾರಾಯಣ ಮೊಟಕು ಮಾಡಿದ ನಂಬರು

ಲಕ್ಷ್ಮೀ ನಗರದ ಬಾಡಿಗೆ ಮನೆಯಿಂದ ನೋಯ್ಡಾಕ್ಕೆ ಇಪ್ಪತ್ತೆರಡು ವರ್ಷ ಓಡಾಡಿದ ನಮ್ಮ ಅಶ್ವತ್ಥನಾರಾಯಣನಿಗೆ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಅಂದರೆ ಮನೆದೇವರು. ಪಕ್ಕದ ಸೀಟಿನವನಾದ ನಾನು ಎಷ್ಟು ರೇಗಿಸಿದರೂ ನಗುತ್ತಿದ್ದ. ಕಳೆದ ಗುರುವಾರ ಮಾತ್ರ ನಗಲಿಲ್ಲ.

ನಮ್ಮ ಕಂಪನಿ ಆಸ್ಪತ್ರೆಗಳಿಂದ ಲ್ಯಾಬಿಗೆ ಪರೀಕ್ಷೆಗೆ ಹೋಗುವ ಸೀಸೆಗಳಿಗೆ ನಂಬರು ಕೊಡುತ್ತದೆ. ಸೀಸೆಯ ಮೇಲೆ ಹೆಸರಿರುವುದಿಲ್ಲ, ನಂಬರಷ್ಟೇ. ಆ ಕ್ಷಣಕ್ಕೆ ಮೇನ್‌ಫ್ರೇಮಿನ ಗಡಿಯಾರ ತೋರಿಸುವ ಉದ್ದನೆಯ ಸಂಖ್ಯೆಯೇ ಅದು. ಚೀಟಿಯಲ್ಲಿ ಹಿಡಿಸುವುದಿಲ್ಲವೆಂದು ಅಶ್ವತ್ಥ ಮೊಟಕು ಮಾಡಿದ. ಮೊದಲ ಅಂಕಿಗಳು ವರ್ಷಗಟ್ಟಲೆ ಬದಲಾಗುವುದಿಲ್ಲ, ತೆಗೆದ, ಸರಿ. ಕೊನೆಯವನ್ನೂ ತೆಗೆದ. ನಮಗಿರುವುದು ಎರಡು ಯಂತ್ರ, ನಂಬರು ಕೊಟ್ಟದ್ದು ನೋಯ್ಡಾದ್ದೋ ಗುರುಗ್ರಾಮದ್ದೋ ಎಂದು ಹೇಳುತ್ತಿದ್ದದ್ದು ಆ ಕೊನೆಯ ಅಂಕಿಗಳೇ. ಎರಡೂ ಗಡಿಯಾರಗಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ನಡೆಯುತ್ತವೆ. ಒಂದೇ ಕ್ಷಣದಲ್ಲಿ ಎರಡೂ ಕಡೆ ಸೀಸೆ ಬಂದರೆ ಒಂದೇ ನಂಬರು. ಅತಿ ಜಾಣನಿಗೆ ಇಷ್ಟು ಹೊಳೆಯಲಿಲ್ಲ.

ಹೊಳೆದದ್ದು ಗುರುವಾರ. ಗಾಬರಿಯಿಂದ ಹುಡುಕಿದ, ಒಂದೇ ಒಂದು ಜೋಡಿ ಸಿಕ್ಕಿತು. ಗುರುಗ್ರಾಮದ ಯಂತ್ರದಲ್ಲಿ ಕಮಲೇಶ್ ದೇವಿ, ನೋಯ್ಡಾದ್ದರಲ್ಲಿ ಲಕ್ಷ್ಮೀ ನಗರದ ಪದ್ಮಾ. ಪದ್ಮಾ ಅವನ ಹೆಂಡತಿ. ಎದೆಯ ಗಂಟಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲವೆಂದು ಸೋಮವಾರ ರಿಪೋರ್ಟ್ ಬಂದಾಗ ನಮಗೆಲ್ಲ ಲಾಡು ಹಂಚಿದ್ದ. ಕಮಲೇಶ್ ದೇವಿಗೆ ಹೋದದ್ದು ‘ಇದೆ’ ಎಂಬ ರಿಪೋರ್ಟ್. ಯಾವುದು ಯಾರದೆಂದು ಈಗ ಹೇಳುವವರೇ ಇಲ್ಲ.

“ಒಳ್ಳೇ ರಿಪೋರ್ಟ್ ಪದ್ಮಾದೇ ಆಗಿರ್ಲಿ ಅಂತ ರಾಯರಿಗೆ ಹರಕೆ ಹೊತ್ತೆ ಕಣೋ,” ಎಂದ. “ಆಮೇಲೆ ಹೊಳೀತು, ಇನ್ನೊಂದನ್ನ ಆ ಯಮ್ಮನ ತಲೆಗೆ ಕಟ್ಟು ಅಂದ ಹಾಗಾಯ್ತಲ್ಲ. ಭಯ ಆಗ್ತಿದೆ.”

ನನಗೂ ಭಯವಾಯಿತು. ಅವನು ಮ್ಯಾನೇಜರಿಗೆ ತಪ್ಪೊಪ್ಪಿಕೊಂಡು ಬಂದ, ಲ್ಯಾಬಿನವರು ಇಬ್ಬರನ್ನೂ ಮತ್ತೆ ಪರೀಕ್ಷಿಸಲು ಒಪ್ಪಿದರು. ಉಳಿದದ್ದು ಮನೆಗೆ ಹೇಳುವುದು. ಒಬ್ಬನೇ ಮಾತಾಡಲು ಧೈರ್ಯ ಸಾಲದೆ ಫೋನಿನ ಸ್ಪೀಕರ್ ಹಾಕಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡ.

“ಪದ್ಮಾ, ನಿನ್ನ ರಿಪೋರ್ಟ್ ನಿಂದು ಹೌದೋ ಅಲ್ವೋ ಗೊತ್ತಿಲ್ಲ. ತಪ್ಪು ನನ್ನದೇ,” ಎಂದು ಎಲ್ಲವನ್ನೂ ಹೇಳಿದ.

ಆ ಕಡೆ ಪದ್ಮಾ ಒಲೆ ಆರಿಸಿದ ಸದ್ದು ಕೇಳಿಸಿತು.

“ರೀ, ಆ ಇನ್ನೊಬ್ಬರಿಗೆ ಹೇಳಿದ್ರಾ?”

“ಇಲ್ಲ. ಮೊದ್ಲು ನಿಂಗೆ...”

“ನಂದಿರ್ಲಿ. ನಾನು ಮೂರು ದಿನ ನಗ್ತಾ ಇದ್ದೆ,” ಎಂದಳು ಪದ್ಮಾ. “ಅವರು ಮೂರು ದಿನದಿಂದ ಹೆದರಿಕೊಂಡು ಕೂತಿರ್ತಾರೆ. ಫೋನ್ ಇಡಿ, ಅವರಿಗೆ ಮಾಡಿ.”