ಸುರಂಗದ ನೀರಿನ ಜಂಬ

ನಮ್ಮ ಮನೆಯ ನೀರನ್ನು ಹೊಗಳಿದಷ್ಟು ನಾನು ಹೆಂಡತಿಯನ್ನು ಹೊಗಳಿಲ್ಲವಂತೆ; ಇದು ಅವಳದೇ ದೂರು. ಈಶ್ವರಮಂಗಲದ ನಮ್ಮ ಗುಡ್ಡದ ಹೊಟ್ಟೆ ಕೊರೆದು ಅಜ್ಜ ಮಾಡಿಸಿದ ಸುರಂಗದಿಂದ ತನ್ನಷ್ಟಕ್ಕೆ ಹರಿದು ಬರುವ ನೀರದು. ನೆಂಟರಿಗೆ ಮೊದಲು ಒಂದು ಚೆಂಬು ಕುಡಿಸಿ, ಅವರು 'ಆಹಾ' ಅನ್ನುವವರೆಗೆ ಮುಖ ನೋಡುತ್ತಾ ನಿಲ್ಲುವುದು ನನ್ನ ಆತಿಥ್ಯದ ಕ್ರಮ. ಆಮೇಲೆ ಕೆಳಗಿನ ಮನೆಯ ಐತ್ತಪ್ಪಣ್ಣನ ಬೋರ್‌ವೆಲ್ಲಿನ ಗಡಸು ನೀರಿನ ಬಗ್ಗೆ ಎರಡು ಮಾತು. ಅದನ್ನು ಕುದಿಸಿದ ಪಾತ್ರೆಯಲ್ಲಿ ಗೋಡೆಗೆ ಬಳಿಯುವಷ್ಟು ಸುಣ್ಣ ಸಿಗುತ್ತದೆ ಎಂದು ಮದುವೆ ಮನೆಗಳಲ್ಲೂ ಹೇಳಿದ್ದೇನೆ. ಐತ್ತಪ್ಪಣ್ಣ ಅಲ್ಲೇ ಕೂತು ನಗುತ್ತಿದ್ದರು.

ಹೆಂಡತಿ ವಿಜಯ ಮನೆಯ ಚಾವಡಿಯಲ್ಲಿ ಗಾಜಿನ ತೊಟ್ಟಿ ಇಟ್ಟು, ಒಳಗೆ ಗಿಡ ನೆಟ್ಟು, ನಾಲ್ಕು ಮೀನು, ಒಂದು ಬಸವನಹುಳ ಬಿಟ್ಟಳು. ನೀರು, ಹೇಳಬೇಕೇ, ನಮ್ಮದೇ. ಎರಡು ತಿಂಗಳಲ್ಲಿ ಹೊಸ ಎಲೆಗಳು ಬಿಳಿಚಿದವು. ಹುಳದ ಚಿಪ್ಪು ಸವೆದು ತೂತು ಬಿತ್ತು. ತೋಟದಲ್ಲಿ ಇದರ ಬಂಧುಬಳಗವನ್ನೆಲ್ಲ ಉಪ್ಪು ಹಾಕಿ ಮುಗಿಸುವ ಹೆಂಗಸು, ಈ ಒಂದಕ್ಕಾಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಗುವ ಧೈರ್ಯ ನನಗೆ ಬರಲಿಲ್ಲ. ಸುಳ್ಯದಲ್ಲಿ ಬಣ್ಣದ ಮೀನು ಮಾರುವವನ ಬಳಿಗೆ ಬಾಟಲಿಯಲ್ಲಿ ನೀರು ಒಯ್ದೆ. ಅವನು ಅದಕ್ಕೆ ಏನೋ ಹನಿಹನಿಯಾಗಿ ಬಿಟ್ಟು, ಬಣ್ಣ ನೋಡಿ ತೀರ್ಪು ಕೊಟ್ಟ.

"ನಿಮ್ಮ ನೀರಲ್ಲಿ ಎಂತದೂ ಇಲ್ಲ ಸಾರ್. ತುಂಬಾ ಮೆದು. ಚಿಪ್ಪಿಗೆ ಸುಣ್ಣದ ಅಂಶ ಬೇಡ್ವಾ? ಹತ್ತಿರದಲ್ಲಿ ಗಡಸು ನೀರು ಇದ್ರೆ ಸ್ವಲ್ಪ ಸ್ವಲ್ಪ ಬೆರೆಸಿ."

ಮೂರು ತಲೆಮಾರು ಕುಡಿದು ಬದುಕಿದ ನೀರಿನಲ್ಲಿ ಎಂತದೂ ಇಲ್ಲವಂತೆ. ಇರಲಿ, ಸುಣ್ಣವೇ ಬೇಕಾದರೆ ಕಂಡವರ ಮನೆಗೆ ಯಾಕೆ ಹೋಗಬೇಕು? ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬಿಡುವ ಮದ್ದಿಗೆ ಮೂವತ್ತು ವರ್ಷ ಸುಣ್ಣ ಕಲಸಿದ ವಿದ್ವಾಂಸ ನಾನು. ವಿಜಯ ದನದ ಹಟ್ಟಿಗೆ ಹೋದ ಹೊತ್ತು ನೋಡಿ, ಕೈಯಂದಾಜಿನಲ್ಲಿ ಒಂದು ಹಿಡಿ ಕಲಸಿ ಸುರಿದೆ. ತೊಟ್ಟಿ ಮಜ್ಜಿಗೆಯಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಓಡಿ ಬಂದ ವಿಜಯ ಮೀನುಗಳನ್ನೂ ಹುಳವನ್ನೂ ಒಳ್ಳೆ ನೀರಿನ ಬಾಲ್ದಿಗೆ ಹಾಕಿ ಉಳಿಸಿದಳು.

"ಇದಕ್ಕೆ ಕೊಳೆರೋಗ ಬಂದದ್ದಲ್ಲ ಮಾರಾಯ್ರೆ," ಎಂದಳು. ಆಮೇಲೆ ನನ್ನ ಕೈಗೊಂದು ಖಾಲಿ ಕ್ಯಾನ್ ಕೊಟ್ಟು, ಕೆಳಗಿನ ಮನೆಯ ಕಡೆ ನೋಡಿದಳು.

ಆ ಇಳಿಜಾರು ಅಷ್ಟು ಉದ್ದ ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಐತ್ತಪ್ಪಣ್ಣ ಕಾರಣ ಕೇಳಿದರು, ಹೇಳಿದೆ. ಅವರ ಜಾಗದಲ್ಲಿ ನಾನಿದ್ದರೆ ಮುಂದಿನ ಮೂರು ಮದುವೆಗಳಿಗೆ ಸಾಕಾಗುವಷ್ಟು ನಗುತ್ತಿದ್ದೆ. ಅವರು ಪಂಪು ಹಾಕಿ ಕ್ಯಾನ್ ತುಂಬಿಸಿದರು.

ಈಗ ವಾರಕ್ಕೊಮ್ಮೆ ಹೋಗುತ್ತೇನೆ. ತೊಟ್ಟಿಗೆ ಎರಡು ಪಾಲು ನಮ್ಮ ನೀರು, ಒಂದು ಪಾಲು ಅವರದು. ಚಿಪ್ಪಿನ ಹಳೆಯ ತೂತು ಹಾಗೇ ಇದೆ, ಅಂಚಿನಲ್ಲಿ ಹೊಸದಾಗಿ ಬೆಳೆದದ್ದು ಮಾತ್ರ ಗಟ್ಟಿ. ವಿಜಯ ಹೊಟ್ಟೆ ತುಂಬ ಉಣ್ಣುತ್ತಾಳೆ. ಮೊನ್ನೆ ಕ್ಯಾನ್ ತುಂಬಿಸುತ್ತಾ ಐತ್ತಪ್ಪಣ್ಣ ನನ್ನ ಮುಖ ನೋಡದೆ ಹೇಳಿದರು: "ಬರುವಾಗ ಖಾಲಿ ಕ್ಯಾನ್ ಎಂತಕ್ಕೆ ತರುದು? ಸುರಂಗದ ನೀರು ತುಂಬಿಸಿ ತನ್ನಿ. ನಮ್ಮ ನೀರಲ್ಲಿ ಕಡಲೆ ಎಷ್ಟು ಹೊತ್ತು ಇಟ್ರೂ ಮೆತ್ತಗಾಗುದಿಲ್ಲ. ಅಮ್ಮನಿಗೆ ಹಲ್ಲಿಲ್ಲ, ಆಸೆ ಉಂಟು."

ಬೋರ್‌ವೆಲ್ ತೆಗೆಸಿದಂದಿನಿಂದ ಹೀಗೆಯಂತೆ. ಹಗಲೂ ರಾತ್ರಿ ಸುಮ್ಮನೆ ಹರಿದು ತೋಡು ಸೇರುವ ನೀರಿನಲ್ಲಿ ಒಂದು ಕೊಡ ಕೇಳಲು ಇಷ್ಟು ವರ್ಷ ಅವರು ಹೆದರಿದ್ದು ನನ್ನ ಬಾಯಿಗೆ. ನಿಜಕ್ಕೂ ನಾಚಿಕೆಯಾಯಿತು. ಮರುದಿನ ಎರಡು ಕ್ಯಾನ್ ತುಂಬಿಸಿಕೊಂಡು ಇಳಿದೆ. ಅವರ ಅಮ್ಮ ಒಂದು ಲೋಟ ಕುಡಿದು ಲೋಟ ಕೆಳಗಿಟ್ಟರು. ನಾನು ಅವರ ಮುಖ ನೋಡುತ್ತಾ ನಿಲ್ಲದೆ ಹಿಂದೆ ತಿರುಗಿದೆ; ಎಷ್ಟು ಕಷ್ಟವಾಯಿತೆಂದು ನಿಮಗೆ ಮಾತ್ರ ಹೇಳುತ್ತಿದ್ದೇನೆ.