ಚಾಚಾ ಕೂಗಿದ ರೇಟು

ನಮ್ಮ ಮನೆಯಲ್ಲಿ ಮಾತು ಉರ್ದು, ಜಗಳ ಕನ್ನಡ. ಚಾಚಾ, ಅಂದರೆ ನಮ್ಮಪ್ಪನ ತಮ್ಮ, ಚಿಕ್ಕಂದಿನಿಂದ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲೇ ಬೆಳೆದವರು. ಸಿಟ್ಟು ಮಾಡುವುದನ್ನೂ ಕೊಟ್ಟ ಮಾತು ಉಳಿಸಿಕೊಳ್ಳುವುದನ್ನೂ ಅಲ್ಲೇ ಕಲಿತದ್ದರಿಂದ ಎರಡನ್ನೂ ಕನ್ನಡದಲ್ಲೇ ಮಾಡುತ್ತಾರೆ. ಕರೆಂಟು ದರದ ವಿಚಾರಣೆ ನಡೆದ ದಿನ ಸಭಾಂಗಣದ ಹೊರಗೆ ನಿಂತು ನಾವಿಬ್ಬರೂ ಕನ್ನಡದಲ್ಲಿ ಮಾತಾಡಿದೆವು ಅಂದರೆ ವಿಷಯ ಎಷ್ಟು ಕೆಟ್ಟಿತ್ತು ಅಂತ ನೀವೇ ಲೆಕ್ಕ ಹಾಕಿ.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಚಾಚಾರ ಹಾಗೆ ಗೂಡು ಬೇಯಿಸಿ ನೂಲು ತೆಗೆಯುವ ರೀಲರುಗಳ ಮೋಟಾರು ಸುಟ್ಟರೆ ನನ್ನ ಹತ್ತಿರ ಬರುತ್ತದೆ. ಮೋಟಾರಿನ ಜೊತೆ ಕರೆಂಟು ಬಿಲ್ಲೂ ಬರತೊಡಗಿತು. ‘ಒಸಿ ನೋಡಿ, ಇದ್ಯಾಕೆ ಹಿಂಗೆ ಬಂದೈತೆ’ ಅನ್ನುವವರಿಗೆಲ್ಲ ಬಿಡಿಸಿ ಹೇಳಿ ಹೇಳಿ, ಕಚೇರಿಗೆ ಜೊತೆಗೆ ಹೋಗಿ ಹೋಗಿ, ಗೊತ್ತೇ ಆಗದ ಹಾಗೆ ನಾನು ಬಳಕೆದಾರರ ಪರ ಜಗಳ ಕಾಯುವವನಾದೆ. ಇಲ್ಲದ ಉಸಾಬರಿ ಅಂತ ನನ್ನ ಹೆಂಡತಿ ಇವತ್ತಿಗೂ ಅನ್ನುತ್ತಾಳೆ. ಅನ್ನಲಿ. ತಪ್ಪು ಬಿಲ್ಲು ಕಂಡರೆ ನನಗೆ ಊಟ ಸೇರುವುದಿಲ್ಲ.

ಆ ವರ್ಷ ವಿದ್ಯುತ್ ಕಂಪನಿ ದರ ಏರಿಸಲು, ಅದನ್ನು ನಿಗದಿ ಮಾಡುವ ಆಯೋಗಕ್ಕೆ ಅರ್ಜಿ ಹಾಕಿತು. ಅದರಲ್ಲಿ ನಮ್ಮ ಹೊಟ್ಟೆಗೆ ಹೊಡೆಯುವುದು ಒಂದಿತ್ತು. ಸಣ್ಣ ರೀಲರುಗಳಿಗೂ ದೊಡ್ಡ ಕಾರ್ಖಾನೆಯವರ ಹಾಗೆ ತಿಂಗಳು ತಿಂಗಳು ಮೋಟಾರಿಗಿಷ್ಟು ಅಂತ ಫಿಕ್ಸೆಡ್ ಚಾರ್ಜು. ಮೋಟಾರು ತಿರುಗಲಿ ಬಿಡಲಿ, ಕಟ್ಟಲೇಬೇಕು.

ನಮ್ಮ ಬೀದಿಯ ಕೊನೆಯಲ್ಲಿ ಎರಡು ಚರಕ ಇಟ್ಟುಕೊಂಡು ನೂಲು ತೆಗೆಯುವ ಅಕ್ಕ ಒಬ್ಬರಿದ್ದಾರೆ. ಮಾಗಡಿಯ ಗುಡೇಮಾರನಹಳ್ಳಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಗೂಡು ಕೊಳ್ಳುವ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಹೆಂಗಸು ಮಾರ್ಕೆಟ್ಟಿಗೆ ಬಂದು ಗೂಡು ಕೊಳ್ಳುವುದೇ ಅಂತ ನಾಲ್ಕು ಜನ ಮೂಗು ಮುರಿದಾಗ ಪಕ್ಕದಲ್ಲಿ ನಿಂತು ಮೊದಲ ಲಾಟು ಕೊಡಿಸಿದವರು ಚಾಚಾ. ವರ್ಷಗಟ್ಟಲೆ ಕೈಯಲ್ಲಿ ಚಕ್ರ ತಿರುಗಿಸಿ ಅಕ್ಕನ ಬಲಭುಜ ತಲೆ ಬಾಚಲೂ ಏಳದ ಹಾಗಾಗಿತ್ತು. ಕೊನೆಗೆ ನಾನೇ ಒಂದು ಹಳೇ ಮೋಟಾರು ಸರಿಮಾಡಿ ಕೂರಿಸಿಕೊಟ್ಟೆ. ಗೂಡಿನ ರೇಟು ಏರಿದ ದಿನಗಳಲ್ಲಿ ಅವರಿಗೆ ಕೊಳ್ಳಲಾಗುವುದಿಲ್ಲ, ಮೋಟಾರು ಸುಮ್ಮನೆ ಕೂತಿರುತ್ತದೆ.

“ನಿಂತ ಮೋಟ್ರಿಗೂ ದುಡ್ಡು ಕೇಳುದ್ರೆ ಬಿಚ್ಚಿ ಎತ್ತಿಡೋದೇಯ ಕಣಪ್ಪ,” ಅಂದಿದ್ದರು ಅಕ್ಕ. “ಪೂರ್ತಿ ಹಾಕುದ್ರೂ ಅಷ್ಟೆ, ಅರ್ಧ ಹಾಕುದ್ರೂ ಅಷ್ಟೆ.”

ಅದಕ್ಕೇ ನಾನು ರೀಲರುಗಳನ್ನೆಲ್ಲ ಚಾಚಾರ ಅಂಗಳದಲ್ಲಿ ಸೇರಿಸಿ ಬಾಯಿಪಾಠ ಮಾಡಿಸಿದ್ದೆ. ಒಪ್ಪಲ್ಲ ಅನ್ನಿ, ಯಾಕೆ ಅಂತ ಹೇಳಿ, ವಾಪಸ್ ಬಂದು ಕೂತುಕೊಳ್ಳಿ, ಇಷ್ಟಾದರೆ ಕೊಡ್ತೀವಿ ಅಂತ ಯಾರೂ ರೇಟು ಹೇಳಬೇಡಿ. ಎಲ್ಲರೂ ತಲೆ ಆಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವರು ಚಾಚಾ.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಮೇಲೆ ಆಯೋಗದವರು, ಮುಂದಿನ ಸಾಲಿನಲ್ಲಿ ಕಂಪನಿಯ ಅಧಿಕಾರಿಗಳು, ಹಿಂದೆ ನಾವು. ಚನ್ನಪಟ್ಟಣದ ಗೊಂಬೆ ಮಾಡುವವರು ತಮ್ಮ ಕಷ್ಟ ಹೇಳಿಕೊಂಡಾದ ಮೇಲೆ ಚಾಚಾರನ್ನು ಕರೆದರು. ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕಿಕೊಂಡು ಬಂದಿದ್ದರು. ಚೆನ್ನಾಗಿಯೇ ಮಾತಾಡಿದರು. ಗೂಡನ್ನು ಕಾದಿಡಲಾಗುವುದಿಲ್ಲ, ಚಿಟ್ಟೆ ತೂತು ಮಾಡಿಕೊಂಡು ಹೊರಬಂದರೆ ನೂಲೇ ಇಲ್ಲ, ಗೂಡು ಸಿಕ್ಕ ದಿನ ಕೆಲಸ, ಸಿಗದ ದಿನ ಇಲ್ಲ ಅಂದರು. ನನಗೆ ಹೆಮ್ಮೆ ಅನ್ನಿಸುತ್ತಿತ್ತು. ಆಗ ಆಯೋಗದ ಅಧ್ಯಕ್ಷರು ಬಹಳ ಮೃದುವಾಗಿ ಕೇಳಿದರು.

“ಯಜಮಾನರೇ, ಕಂಪನಿಗೂ ಖರ್ಚಿದೆಯಲ್ಲ. ಏನೂ ಬೇಡ ಅಂದರೆ ಹೇಗೆ? ನಿಮ್ಮ ಪ್ರಕಾರ ಎಷ್ಟಾದರೆ ನಡೆದೀತು?”

ಚಾಚಾರ ಬಲಗೈ ಮೇಲೆದ್ದಿತು.  ಆ ಕೈ ನನಗೆ ಗೊತ್ತು. ಗೂಡಿನ ರಾಶಿಯ ಮುಂದೆ ಯಾರಾದರೂ ಒಂದು ರೇಟು ಹೇಳಿದಾಗ ತಾನಾಗಿ ಏಳುವ ಕೈ ಅದು. ಗೂಡಿನ ಹರಾಜು ಮೊಬೈಲಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಕೈಯಿಂದ ಆ ಅಭ್ಯಾಸ ಇನ್ನೂ ಹೋಗಿಲ್ಲ. ರೇಟು ಕಿವಿಗೆ ಬಿದ್ದ ಮೇಲೆ ಸುಮ್ಮನಿದ್ದವನು ಖಾಲಿ ಚೀಲ ಹೊತ್ತುಕೊಂಡು ಮನೆಗೆ ಹೋಗುತ್ತಾನೆ ಅನ್ನುವುದು ನಮ್ಮವರ ಮೊದಲ ಪಾಠ.

“ಅರ್ಧಕ್ಕೆ ಮುಗುಸ್ಬುಡಿ ಸ್ವಾಮಿ,” ಅಂದರು ಚಾಚಾ.

ಅಧ್ಯಕ್ಷರು ಪಕ್ಕದವರ ಕಡೆ ನೋಡಿದರು. ಪಕ್ಕದವರು ಬರೆದುಕೊಂಡರು. ಮುಂದಿನ ಸಾಲಿನಲ್ಲಿದ್ದ ಕಂಪನಿಯ ಅಧಿಕಾರಿ ಕುರ್ಚಿಗೆ ಬೆನ್ನು ಕೊಟ್ಟು ಹಾಯಾಗಿ ಕೂತರು. ಚಾಚಾ ನಗುತ್ತಾ ವಾಪಸು ಬಂದರು, ಯಾಕೆಂದರೆ ಅವರ ಮಟ್ಟಿಗೆ ವ್ಯಾಪಾರ ಈಗ ತಾನೇ ಶುರುವಾಗಿತ್ತು. ಅಷ್ಟರಲ್ಲಿ ಟೀ ಬಿಡುವು ಕೊಟ್ಟರು. ನಾನು ಚಾಚಾರ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದೆ.

“ರೇಟು ಹೇಳ್ಬೇಡಿ ಅಂತ ಬಡ್ಕೊಂಡಿರ್ಲಿಲ್ವಾ ಚಾಚಾ?”

“ಹೇಳುದ್ರೆ ಏನಾಯ್ತು? ಅವ್ರು ಪೂರ್ತಿ ಕೇಳಿದ್ರು, ನಾನು ಅರ್ಧ ಅಂದೆ. ಈಗ ಅವ್ರು ಇಳೀಲಿ.”

“ಅವ್ರು ಇನ್ನು ಮಾತೇ ಆಡಲ್ಲ. ರೀಲರುಗಳು ಅರ್ಧಕ್ಕೆ ಒಪ್ಪಿದ್ರು ಅಂತ ಬರ್ಕೊಂಡಾಯ್ತು.”

ಅವರ ಮುಖ ಸಪ್ಪಗಾಯಿತು. ಅದನ್ನು ಕಂಡು ನಾನು ಅಲ್ಲಿಗೇ ಬಿಡಬಹುದಿತ್ತು, ಆದರೆ ಬಿಡುವ ಜಾತಿ ನನ್ನದಲ್ಲ. “ಒಳಗೋಗಿ ತಪ್ಪಾಯ್ತು ಅನ್ನಿ. ವಾಪಸ್ ತಗೊಳ್ಳಿ,” ಅಂದೆ.

“ಕೂಗಿದ ರೇಟು ವಾಪಸ್ಸಾ?” ಚಾಚಾರ ದನಿ ಏರಿತು. “ಗೂಡು ಕೆಟ್ಟೋಗೈತೆ ಅಂತ ಗೊತ್ತಾದ್ಮೇಲೂ ಕೂಗಿದ ರೇಟು ಕೊಟ್ಟು ಎತ್ಕೊಂಡು ಬಂದಿವ್ನಿ ಕಣ್ಲಾ. ವಾಪಸ್ ತಗೊಂಡು ನಾಳೆ ಯಾವ ಮುಖ ಹೊತ್ಕೊಂಡು ಮಾರ್ಕೆಟ್ಟಿಗೆ ಹೋಗ್ಲಿ?”

“ನಿಮ್ಮ ಮುಖ ಉಳ್ಸೋಕೆ ಆ ಅಕ್ಕನ ಭುಜ ಹೋಗ್ಬೇಕಾ?”

ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ಅಲ್ಲೇ ಲೋಟ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬಿಡುವಿನ ನಂತರ ಮಾತಾಡಬೇಕಾದವರೂ ಅವರೇ. ಚಾಚಾರಿಗೆ ಅವರು ಒಂದು ದಿನವೂ ಎದುರು ಮಾತಾಡಿದ್ದಿಲ್ಲ. ‘ಅಣ್ಣ ಹೇಳಿದ್ಮೇಲೆ ಮುಗೀತು’ ಅಂದುಬಿಟ್ಟರೆ ಅಂತ ನನಗೆ ನಿಜವಾಗಿಯೂ ಭಯವಾಯಿತು. ಒಂದು ಮಾತು ಹೇಳಿಕೊಡೋಣ ಅಂತ ಹತ್ತಿರ ಹೋದೆ. ಅವರು ಲೋಟ ಕೆಳಗಿಟ್ಟು ನನ್ನ ಕಡೆ ನೋಡದೆ ಒಳಗೆ ಹೋದರು.

ಮೈಕಿನ ಮುಂದೆ ಹೋಗಿ ನಿಂತರು. ಆಮೇಲೆ ಸೆರಗು ಸರಿಮಾಡಿಕೊಂಡು ಶುರುಮಾಡಿದರು.

“ನಂದು ಎಲ್ಡು ಚರಕ ಸಾರ್. ಆಗ ಮಾತಾಡಿದ್ರಲ್ಲ ಅಣ್ಣ, ನಂಗೆ ಮಾರ್ಕೆಟ್ಟು ತೋರ್ಸಿದೋರೇ ಅವ್ರು. ಅವ್ರೇ ಒಂದು ಮಾತು ಹೇಳ್ಕೊಟ್ಟವ್ರೆ. ಒಬ್ಬ ರೀಲರು ಕೂಗಿದ ರೇಟು ಅವನಿಗೆ ಮಾತ್ರ, ಪಕ್ಕದೋನಿಗೆ ಅಂಟಲ್ಲ. ಅರ್ಧ ಅಂದಿದ್ದು ಅಣ್ಣನ ರೇಟು. ನಾನು ಕೂಗಿಲ್ಲ. ನಿಂತ ಮೋಟ್ರಿಗೆ ನನ್ ಕೈಲಿ ಒಂದು ಕಾಸೂ ಕೊಡಾಕಾಗಲ್ಲ. ಇದ್ನೂ ಬರ್ಕಳಿ.”

 ನಾನು ಚಾಚಾರ ಮುಖ ನೋಡಲು ಹೆದರಿ ನೆಲ ನೋಡುತ್ತಾ ಕೂತಿದ್ದೆ. ಪಕ್ಕದ ಕುರ್ಚಿ ಕಿರುಗುಟ್ಟಿತು. ಚಾಚಾ ಎದ್ದು ನಿಂತಿದ್ದರು.

“ಆಯಮ್ಮ ಹೇಳಿದ್ದೇ ನ್ಯಾಯ ಸ್ವಾಮಿ. ಕೂಗಿದ್ದು ನಾನು. ಆ ಅರ್ಧ ನಂಗೊಬ್ಬನಿಗೇ ಹಾಕಿ, ಕೊಡ್ತೀನಿ. ಬೇರೆಯೋರಿಗೆ ಬ್ಯಾಡಿ.”

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ನಮ್ಮವರೂ ಸಹ. ಅಧ್ಯಕ್ಷರು ನಗು ತಡೆದುಕೊಂಡು, “ಒಬ್ಬೊಬ್ಬರಿಗೆ ಒಂದೊಂದು ದರ ಇರುವುದಿಲ್ಲ ಯಜಮಾನರೇ,” ಅಂದರು. ಚಾಚಾ ನಿಂತೇ ಇದ್ದರು. ನಾನು ಕೈ ಹಿಡಿದು ಕೂರಿಸಬೇಕಾಯಿತು. ಅಷ್ಟು ಹೊತ್ತು ಅವರ ಮೇಲಿದ್ದ ನನ್ನ ಸಿಟ್ಟು ಆ ನಗುವಿನ ಮೇಲೆ ತಿರುಗಿತು. ಇವತ್ತಿಗೂ ಇಳಿದಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಲವು ತಿಂಗಳ ಮೇಲೆ ಆದೇಶ ಬಂತು. ಸಣ್ಣ ರೀಲರುಗಳೆಲ್ಲರಿಗೂ ಅರ್ಧ. ಅಕ್ಕ ಹೇಳಿದ್ದಕ್ಕೂ ಅದರಲ್ಲಿ ಒಂದು ಸಾಲು ಜಾಗ ಕೊಟ್ಟಿದ್ದರು, ಅಷ್ಟೆ. ಕಂಪನಿಗೆ ಮೊದಲಿಂದಲೂ ಬೇಕಾಗಿದ್ದದ್ದು ಅರ್ಧವೇ, ಮಾರುವವರೆಲ್ಲ ಮಾಡುವ ಹಾಗೆ ದುಪ್ಪಟ್ಟು ಹೇಳಿದ್ದರು ಅಂತ ನನ್ನ ಗುಮಾನಿ. ಊರಲ್ಲಿ ಮಾತ್ರ ಚಾಚಾ ಹೋರಾಡಿ ಅರ್ಧ ಇಳಿಸಿದರು ಅಂತ ಸುದ್ದಿಯಾಯಿತು. ದಿನವೂ ಮೋಟಾರು ಓಡಿಸುವಷ್ಟು ಗೂಡು ಕೊಳ್ಳಬಲ್ಲ ನಾಲ್ಕು ಜನ ರೀಲರುಗಳು ಹಾರ ಹಿಡಿದುಕೊಂಡು ಮನೆಗೆ ಬಂದರು. ಚಾಚಾ ಬಾಗಿಲು ತೆರೆಯಲಿಲ್ಲ.

ಹೊಸ ಬಿಲ್ಲು ಬಂದ ವಾರವೇ ಅಕ್ಕ ಹೇಳಿಕಳಿಸಿದರು. ನಾನು ಹೋಗಿ ಬೆಲ್ಟು ಕಳಚಿ, ಮೋಟಾರು ಇಳಿಸಿ, ಚಕ್ರಕ್ಕೆ ಹಳೇ ಹಿಡಿಕೆ ಕೂರಿಸುತ್ತಿದ್ದೆ. ಒಲೆಯ ಮೇಲೆ ಗೂಡು ಬೇಯುತ್ತಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಚಾಚಾ. ವಿಚಾರಣೆಯ ದಿನದಿಂದ ನಾವಿಬ್ಬರೂ ಮಾತಾಡಿರಲಿಲ್ಲ. ಒಳಗೂ ಬರದೆ, ವಾಪಸ್ಸೂ ಹೋಗದೆ ನಿಂತಿದ್ದರು.

“ನಿಂತ್ಕಂಡೇ ಇದ್ರೆ ಹೆಂಗಣ್ಣ,” ಅಂದರು ಅಕ್ಕ. “ಬನ್ನಿ, ಒಸಿ ತಿರುಗ್ಸಿ.”

ಚಾಚಾ ತೋಳು ಮಡಚಿಕೊಂಡು ಚಕ್ರದ ಮುಂದೆ ಕೂತರು. ಸ್ವಂತ ಚರಕಗಳ ಮಾಲೀಕರಾದ ಮೇಲೆ ಅವರು ಹಿಡಿಕೆ ಮುಟ್ಟಿದವರಲ್ಲ. ಅಕ್ಕ ಬಿಸಿನೀರಿನಿಂದ ಎಳೆ ಹುಡುಕಿ ಹುಡುಕಿ ಕೊಡುತ್ತಿದ್ದರು, ಚಾಚಾ ತಿರುಗಿಸುತ್ತಿದ್ದರು. ಬಿಳೀ ಶರ್ಟು ಬೆನ್ನಿಗಂಟಿತು, ಉಸಿರು ಜೋರಾಯಿತು. ನಾನು ಕೈ ಚಾಚಿದರೆ ಬೇಡ ಅಂತ ತಲೆಯಾಡಿಸಿದರು. ಮಧ್ಯಾಹ್ನದ ಅಜಾನ್ ಆದ ಮೇಲೆ ಕೈ ಬಿಟ್ಟು ಭುಜ ನೀವಿಕೊಂಡರು.

“ಇಷ್ಟು ಭಾರ ಇತ್ತೇನಮ್ಮ ಇದು?”

ಅಕ್ಕ ನೀರಿನಿಂದ ಕಣ್ಣೆತ್ತಲಿಲ್ಲ. “ಮೋಟ್ರು ಬರಾಕ್ ಮುಂಚೆನೂ ಇಷ್ಟೇ ಇತ್ತು ಕಣಣ್ಣ.”