ಹಡಗು ಬಿಟ್ಟು ಬಂದ ದೊಡ್ಡಪ್ಪ

ಏಪ್ರಿಲ್ ಬಿಸಿಲಲ್ಲೂ ಅವರ ಅಂಗಿಯ ತೋಳು ಮಣಿಕಟ್ಟಿನವರೆಗೆ ಇಳಿದಿರುತ್ತಿತ್ತು. ಒಲೆ ಮುಂದೆ ನಿಂತು ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿದ್ದರೂ ಮಡಚುತ್ತಿರಲಿಲ್ಲ. ಬಲ ಮುಂಗೈ ಮೇಲೆ ನೀಲಿ ಹಚ್ಚೆಯ ಲಂಗರು ಇದೆಯೆಂದು ಕೇರಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದವರು ಅವರೊಬ್ಬರೇ.

ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಅವರು ಪಕ್ಕದ ಮನೆಯವರು, ವರಸೆಯಲ್ಲಿ ನನಗೆ ದೊಡ್ಡಪ್ಪ. ಮದುವೆ, ತಿಥಿಗಳಿಗೆ ಅಡುಗೆ ಮಾಡುತ್ತಿದ್ದರು. ಹರೆಯದಲ್ಲಿ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದವರು. ಹಡಗು ಹೊಯ್ದಾಡಿದರೂ ಪಾತ್ರೆ ಉರುಳದಂತೆ ಕಟ್ಟುವ ಅಲ್ಲಿನ ಅಭ್ಯಾಸ ಬಿಟ್ಟಿರಲಿಲ್ಲ. ಒಲೆ ಹಚ್ಚುವ ಮೊದಲು ಪಾತ್ರೆಯ ಹಿಡಿಗಳಿಗೆ ಹಗ್ಗ ಹಾಕಿ ಗೂಟಕ್ಕೆ ಬಿಗಿಯುತ್ತಿದ್ದರು. ಕೊಕ್ಕರೆ ಬೆಳ್ಳೂರಿನ ಮದುವೆಯೊಂದರಲ್ಲಿ ಹೆಣ್ಣಿನ ಸೋದರಮಾವ, "ಇದೇನಣ್ಣೋ, ಸಾರೇನು ಓಡೋಯ್ತದಾ?" ಎಂದು ಛೇಡಿಸಿದ. "ಓಡೋಗದು ಸಾರಲ್ಲ ಕಣ್ಲಾ, ನೆಲ. ನೆಲಾನ ನಂಬಬ್ಯಾಡ" ಎಂದರು ದೊಡ್ಡಪ್ಪ. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು.

ಯಾರಿಗೂ ನಗು ತರಿಸದ ಸಂಗತಿಯೂ ಒಂದಿತ್ತು. ರಸ್ತೆಯಲ್ಲಿ ಪೊಲೀಸ್ ಜೀಪು ಕಂಡರೆ ಸಾಕು, ಸೌಟು ಕೆಳಗಿಟ್ಟು ಕಬ್ಬಿನ ಗದ್ದೆಗೆ ಇಳಿದುಬಿಡುತ್ತಿದ್ದರು. ದೊಡ್ಡಮ್ಮ ಸಮುದ್ರ ನೋಡಬೇಕು, ರಾಮೇಶ್ವರಕ್ಕೆ ಹೋಗೋಣ ಎಂದು ಮದುವೆಯಾದಾಗಿನಿಂದ ಕೇಳುತ್ತಿದ್ದರು. ಕಡಲ ಹೆಸರೆತ್ತಿದರೆ ಇವರಿಗೆ ಹೊಟ್ಟೆನೋವು ಬರುತ್ತಿತ್ತು.

ನಾನು ಮದ್ದೂರಿನಲ್ಲಿ ವಕೀಲಿಕೆ ಶುರುಮಾಡಿದ ಹೊಸತರಲ್ಲಿ ದೊಡ್ಡಮ್ಮನೇ ಅವರನ್ನು ಕೈಹಿಡಿದು ಎಳೆದುಕೊಂಡು ಬಂದರು. ದೊಡ್ಡಪ್ಪ ಬಾಗಿಲು ಹಾಕಿಸಿ, ದನಿ ತಗ್ಗಿಸಿ ಹೇಳಿದರು: ಮದರಾಸಿನಲ್ಲಿ ಹಡಗು ನಿಂತಿದ್ದಾಗ ಮದುವೆ ಗೊತ್ತಾಗಿದೆಯೆಂದು ಊರಿಂದ ಕಾಗದ ಬಂತು. ಕರಾರು ಮುಗಿಯದೆ ರಜೆಯಿಲ್ಲ ಎಂದ ಕಪ್ತಾನ. ಈರುಳ್ಳಿ ತರಲು ಇಳಿದವರು ಮೂಟೆಸಮೇತ ಬೆಂಗಳೂರಿನ ರೈಲು ಹತ್ತಿದರು.

"ಇವಳಿಗೋಸ್ಕರ ಕಳ್ಳ ಆದೆ" ಎಂದರು.

"ನಾನೇನು ಬಾ ಅಂತ ಕಾಗ್ದ ಬರ್ದಿದ್ನಾ?" ಎಂದರು ದೊಡ್ಡಮ್ಮ.

ಎರಡು ದಿನ ಕೂತು ಹಳೆಯ ಕಾನೂನು ಓದಿದೆ. ಕರಾರಿಗೆ ಸಹಿ ಹಾಕಿದ ನಾವಿಕ ಹೇಳದೆ ಹಡಗು ಬಿಟ್ಟರೆ ಅದು ಅಪರಾಧವೇ. ಇಂಗ್ಲಿಷರ ಕಾಲದಲ್ಲಿ ಹಿಡಿದು ಜೈಲಿಗೆ ಹಾಕುತ್ತಿದ್ದರು, ಇಲ್ಲವೇ ಅದೇ ಹಡಗಿಗೆ ಮತ್ತೆ ಏರಿಸುತ್ತಿದ್ದರು. ಹೊಲ ಉಳುವವನು ನೇಗಿಲು ಬಿಟ್ಟು ಹೋದರೆ ಯಾರೂ ಬೇಡಿ ಹಾಕುವುದಿಲ್ಲ. ನಾವಿಕನಿಗೆ ಮಾತ್ರ ಈ ಕಟ್ಟು. ಓದುತ್ತ ನನಗೆ ಸಿಟ್ಟೇ ಬಂತು. ನಮ್ಮ ಕಾಲದ ಕಾನೂನಿನಲ್ಲೂ ಶಿಕ್ಷೆ ಇತ್ತು, ಆದರೆ ಸಣ್ಣದು. ಅಂಥ ಸಣ್ಣ ಅಪರಾಧಕ್ಕೆ ಇಷ್ಟು ವರ್ಷ ಕಳೆದ ಮೇಲೆ ಯಾರೂ ಕೇಸು ಹಾಕುವಂತಿರಲಿಲ್ಲ.

ಮೂರನೆಯ ದಿನ ಅವರ ಜಗಲಿಯ ಮೇಲೆ ಕೂತು ಹೇಳಿದೆ. ಹಡಗಿನಲ್ಲಿ ಬಿಟ್ಟುಬಂದ ಸಾಮಾನನ್ನು ಜಪ್ತಿ ಮಾಡಬಹುದಿತ್ತು, ಅವರ ಟ್ರಂಕು ಹೋಯಿತೆಂದೇ ತಿಳಿಯಬೇಕು, ಅಷ್ಟೇ ಎಂದೆ.

"ಈರುಳ್ಳೀದು?"

"ಟ್ರಂಕು ಅವರಿಗೆ, ಈರುಳ್ಳಿ ನಿಮಗೆ. ವಜಾ ಆಯಿತು ದೊಡ್ಡಪ್ಪ."

ಅವರು ಬೆರಳೆಣಿಸಿ ವರ್ಷಗಳ ಲೆಕ್ಕ ಹಾಕಿದರು. ಆಮೇಲೆ, "ಅಂಗಾದ್ರೆ ಇಷ್ಟು ವರ್ಸ ನನ್ನ ಯಾರೂ ಉಡುಕ್ಲೇ ಇಲ್ವಾ?" ಎಂದರು. ದನಿಯಲ್ಲಿ ಬೇಸರವಿತ್ತು! ಬೇಕಿದ್ದರೆ ಪೇಪರಿನಲ್ಲಿ ಜಾಹೀರಾತು ಕೊಡಿಸೋಣ ಎಂದೆ. "ಓಗ್ಲಿ ಬುಡವ್ವ" ಎಂದು ನಗುತ್ತ, ಅಲ್ಲೇ ಅಂಗಿಯ ತೋಳು ಮಡಚಿದರು.

ಮರುದಿನದಿಂದ ಪೊಲೀಸ್ ಠಾಣೆ ಎದುರಿನ ಅಂಗಡಿಯಲ್ಲೇ ಟೀ ಕುಡಿಯತೊಡಗಿದರು. ಕಾನ್‌ಸ್ಟೇಬಲ್‌ಗಳನ್ನು ಕರೆದು ಕೈ ತೋರಿಸಿ ಹಚ್ಚೆಯ ಕತೆ ಹೇಳುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ದೊಡ್ಡಮ್ಮನನ್ನು ರಾಮೇಶ್ವರಕ್ಕೆ ಕರೆದೊಯ್ದರು. ಮರಳಿ ಬಂದ ಮೇಲೆ ಎರಡು ವರ್ಷ ಬದುಕಿದ್ದು, ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಏಳಲಿಲ್ಲ.

ಆಮೇಲೆ ದೊಡ್ಡ ದೊಡ್ಡ ಕೇಸು ಗೆದ್ದಿದ್ದೇನೆ. ನಾನು ಓದಿದ್ದು ಸಾರ್ಥಕವೆಂದು ಅನ್ನಿಸಿದ್ದು ಮಾತ್ರ ಅವರ ತಿಥಿಯ ದಿನ. ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದು, ಕಣ್ಣೊರೆಸಿಕೊಳ್ಳುತ್ತ ನಕ್ಕು ಹೇಳಿದರು: "ಮದ್ವೆ ಆದಾಗ್ಲಿಂದ ಅವ್ರು ಗೊರ್ಕೆ ಒಡ್ದಿದ್ದ ನಾನು ಕಂಡಿರ್ನಿಲ್ಲ ಕಣವ್ವ. ನೀ ಯೋಳಿದ್ ಮ್ಯಾಕೆ ಈ ಎರಡು ವರ್ಸ ಅವ್ರ ಗೊರ್ಕೆಗೆ ನಂಗೆ ನಿದ್ದೇನೇ ಇಲ್ಲ."